ದುಡಿಮೆಯ ಜಾಗದ ಸಾವು ಮತ್ತು ಬೆನೆಗಲ್ ಶಿವರಾವ್

ಉಡುಪಿ: ಬೆನೆಗಲ್ ಎಂಬ ಹೆಸರು ಕೇಳಿದೊಡನೆ ಕರಾವಳಿಯ ಓದುಗರಿಗೆ ಮೊದಲು ನೆನಪಾಗುವವರು ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಸರ್ ಬೆನೆಗಲ್ ನರಸಿಂಗ ರಾವ್. ಅವರ ಬಳಿಕ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಸರ್ ಬೆನೆಗಲ್ ರಾಮರಾವ್. ಇವರಿಬ್ಬರ ತಮ್ಮ ಶಿವರಾವ್ ಅವರ ಹೆಸರು ಬರುವುದು ಮೂರನೆಯದಾಗಿ. ಅದೂ ಬಹುತೇಕ ಸಂವಿಧಾನ ರಚನೆಯ ದಾಖಲೆಗಳನ್ನು ಐದು ಸಂಪುಟಗಳಲ್ಲಿ ಸಂಪಾದಿಸಿದವರೆಂಬ ಕಾರಣಕ್ಕೆ. ಅದಕ್ಕೂ ಬಹಳ ಹಿಂದೆ, ಗಿರಣಿ, ಗಣಿ, ಬಂದರುಗಳಲ್ಲಿ ದುಡಿಯುವವರ ಪರವಾಗಿ ಮಾತನಾಡಿದ ಕೆಲವೇ ವಿದ್ಯಾವಂತರಲ್ಲಿ ಅವರೊಬ್ಬರಾಗಿದ್ದರು ಎಂಬುದು ಅವರ ಸ್ವಂತ ಜಿಲ್ಲೆಯಲ್ಲೇ ಮರೆತುಹೋಗಿದೆ.

ಮನೆತನಕ್ಕೆ ಹೆಸರು ಕೊಟ್ಟ ಊರು ಇಂದಿನ ಉಡುಪಿ ಜಿಲ್ಲೆಯಲ್ಲಿದೆ. ತಂದೆ ಬೆನೆಗಲ್ ರಾಘವೇಂದ್ರ ರಾವ್ ಮಂಗಳೂರಿನಲ್ಲಿ ವೈದ್ಯರು. ಆಗ ಮಂಗಳೂರು, ಉಡುಪಿ, ಕಾರ್ಕಳ, ಕಾಸರಗೋಡು ಎಲ್ಲವೂ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1891ರಲ್ಲಿ ಹುಟ್ಟಿದ ಶಿವರಾವ್ ಅಣ್ಣಂದಿರಂತೆಯೇ ಮದ್ರಾಸಿನಲ್ಲಿ ಓದಿದರು. ಆದರೆ ನರಸಿಂಗ ರಾವ್ ಮತ್ತು ರಾಮರಾವ್ ಐಸಿಎಸ್ ಸೇರಿ ಸರಕಾರಿ ಹುದ್ದೆಗಳನ್ನು ಏರಿದರೆ, ತಮ್ಮ ಹಿಡಿದ ದಾರಿ ಬೇರೆ. ಅವರು ಅನಿ ಬೆಸೆಂಟರ ಬಳಗ ಸೇರಿದರು. ಬೆಸೆಂಟರ ‘ನ್ಯೂ ಇಂಡಿಯಾ’ ಪತ್ರಿಕೆಯಲ್ಲಿ ದುಡಿದರು. ಒಂದೇ ಮನೆಯ ಮಕ್ಕಳಲ್ಲಿ ಇಬ್ಬರು ಸರಕಾರದ ಮೇಜಿನ ಆಚೆ, ಒಬ್ಬ ಈಚೆ.

ಮದ್ರಾಸಿನ ಪೆರಂಬೂರು ಆಗ ಗಿರಣಿಗಳ ನೆಲೆ. ಅಲ್ಲಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳಲ್ಲಿ ಸಾವಿರಾರು ಮಂದಿ ನೂಲುತ್ತ, ನೇಯುತ್ತ ಇದ್ದರು. ಊಟದ ಬಿಡುವು ಅರ್ಧ ಗಂಟೆ. ಅಷ್ಟರಲ್ಲಿ ಕೈ ತೊಳೆದು ಉಂಡು ಮರಳುವುದೇ ಕಷ್ಟ. ಬೆಳಿಗ್ಗೆ ಕೆಲವು ನಿಮಿಷ ತಡವಾದರೂ ಬಾಗಿಲು ಮುಚ್ಚುತ್ತಿತ್ತು, ಅಂದಿನ ಕೂಲಿ ಹೋಗುತ್ತಿತ್ತು. ಸೆಲ್ವಪತಿ ಚೆಟ್ಟಿ ಮತ್ತು ರಾಮಾನುಜಲು ನಾಯ್ಡು ಎಂಬ ಇಬ್ಬರು ವರ್ತಕರು ಈ ದೂರುಗಳನ್ನು ಬೆಸೆಂಟರ ಒಡನಾಡಿ ಬಿ.ಪಿ. ವಾಡಿಯಾ ಅವರ ಕಿವಿಗೆ ಹಾಕಿದರು. 1918ರ ಏಪ್ರಿಲ್ 27ರಂದು ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ಸದಸ್ಯತ್ವ, ಚಂದಾ, ಪದಾಧಿಕಾರಿಗಳೆಲ್ಲ ಇದ್ದ, ಕ್ರಮಬದ್ಧವಾಗಿ ನಡೆದ ದೇಶದ ಮೊದಲ ಕಾರ್ಮಿಕ ಸಂಘವೆಂದು ಚರಿತ್ರಕಾರರು ಗುರುತಿಸುವುದು ಇದನ್ನೇ. ವಾಡಿಯಾ ಅವರ ಜೊತೆ ಈ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ಶಿವರಾವ್ ಒಬ್ಬರು.

ಅಂದಿನ ಗಿರಣಿಯ ಒಳಗನ್ನು ಇಂದಿನ ಓದುಗರು ಊಹಿಸಿಕೊಳ್ಳುವುದು ಸುಲಭವಲ್ಲ. ಒಂದೇ ದೊಡ್ಡ ಎಂಜಿನ್ನಿನ ಶಕ್ತಿ ಮಾಡಿನ ಕೆಳಗೆ ಉದ್ದಕ್ಕೂ ಹಾದ ಉಕ್ಕಿನ ದಂಡಗಳ ಮೂಲಕ ಹರಿದು, ಅಲ್ಲಿಂದ ತೊಗಲಿನ ಬೆಲ್ಟುಗಳಲ್ಲಿ ಪ್ರತಿ ಯಂತ್ರಕ್ಕೂ ಇಳಿಯುತ್ತಿತ್ತು. ಒಂದು ಯಂತ್ರಕ್ಕೆ ಎಣ್ಣೆ ಹಾಕಬೇಕಾದರೂ ಮಾಡಿನ ಕೆಳಗಿನ ದಂಡ ತಿರುಗುತ್ತಲೇ ಇರುತ್ತಿತ್ತು. ಉಟ್ಟ ಬಟ್ಟೆಯ ತುದಿ ಬೆಲ್ಟಿಗೆ ಸಿಕ್ಕಿದರೆ ಮನುಷ್ಯನನ್ನು ಎತ್ತಿ ಒಗೆಯಲು ಒಂದು ಕ್ಷಣ ಸಾಕು. ಎಂಜಿನ್ ನಿಲ್ಲಿಸುವವನು ಬೇರೆ ಕೋಣೆಯಲ್ಲಿ. ಹತ್ತಿಯ ಧೂಳು, ಸೆಕೆ, ಹತ್ತು-ಹನ್ನೆರಡು ತಾಸಿನ ದುಡಿಮೆ. ಆಯಾಸಗೊಂಡ ಕೈ ಯಂತ್ರಕ್ಕೆ ಸಿಕ್ಕುವುದು ದಿನದ ಕೊನೆಯ ತಾಸುಗಳಲ್ಲಿ ಹೆಚ್ಚು. ಕೆಲಸದ ಅವಧಿ ಕಡಿಮೆ ಮಾಡಿ ಎಂಬ ಬೇಡಿಕೆ ಬರೀ ವಿಶ್ರಾಂತಿಯ ಬೇಡಿಕೆ ಆಗಿರಲಿಲ್ಲ.

ಕಾನೂನು ಇರಲಿಲ್ಲವೆಂದಲ್ಲ. 1881ರ ಮೊದಲ ಕಾರ್ಖಾನೆ ಕಾಯ್ದೆಯೇ ಅಪಾಯಕಾರಿ ಯಂತ್ರಗಳಿಗೆ ಬೇಲಿ ಹಾಕಬೇಕು, ಅಪಘಾತವಾದರೆ ವರದಿ ಮಾಡಬೇಕು ಎಂದಿತ್ತು. ನೂರಕ್ಕಿಂತ ಕಡಿಮೆ ಮಂದಿ ದುಡಿಯುವ ಜಾಗಗಳಿಗೆ ಅದು ಅನ್ವಯವಾಗುತ್ತಿರಲಿಲ್ಲ. ಸತ್ತವನ ಕುಟುಂಬಕ್ಕೆ 1855ರ ಮಾರಕ ಅಪಘಾತ ಕಾಯ್ದೆಯೊಂದಿತ್ತು. ಅದರ ಪ್ರಕಾರ ವಿಧವೆ ನ್ಯಾಯಾಲಯಕ್ಕೆ ಹೋಗಿ, ಸಾವಿಗೆ ಮಾಲೀಕನ ತಪ್ಪೇ ಕಾರಣವೆಂದು ಸಾಬೀತು ಮಾಡಬೇಕಿತ್ತು. ಯಂತ್ರ ಮಾಲೀಕನದು, ಸಾಕ್ಷಿಗಳು ಮಾಲೀಕನ ಕೂಲಿಯಾಳುಗಳು, ವಕೀಲರ ಫೀಸು ಆಕೆಯದು. ಆ ಕಾಯ್ದೆ ಪುಸ್ತಕದಲ್ಲೇ ಉಳಿಯಿತೆಂದರೆ ಆಶ್ಚರ್ಯವಿಲ್ಲ.

ಮದ್ರಾಸ್ ಯೂನಿಯನ್ನಿನ ಮೊದಲ ವರ್ಷಗಳು ಬಿರುಗಾಳಿಯಲ್ಲೇ ಕಳೆದವು. ಬೀಗಮುದ್ರೆ, ಮುಷ್ಕರ, ಪೊಲೀಸ್ ಗೋಲಿಬಾರು ಎಲ್ಲವೂ ಆದವು. ಮುಷ್ಕರಕ್ಕೆ ಪ್ರಚೋದಿಸಿದರೆಂದು ಗಿರಣಿಯ ಕಂಪನಿ ವಾಡಿಯಾ ಮತ್ತಿತರರ ಮೇಲೆ ಮದ್ರಾಸ್ ಹೈಕೋರ್ಟಿನಲ್ಲಿ ದಾವೆ ಹೂಡಿ ತಡೆಯಾಜ್ಞೆ ತಂದಿತು. ಸಂಘ ಕಟ್ಟುವುದೇ ಅಪರಾಧವೇ ಎಂಬ ಪ್ರಶ್ನೆ ಆಗ ಎದ್ದು, ಕೊನೆಗೆ 1926ರ ಕಾರ್ಮಿಕ ಸಂಘಗಳ ಕಾಯ್ದೆಗೆ ದಾರಿಯಾಯಿತು. ವಾಡಿಯಾ ಹಿಂದೆ ಸರಿದರು. ಶಿವರಾವ್ ಕಾರ್ಮಿಕ ಕ್ಷೇತ್ರ ಬಿಡಲಿಲ್ಲ.

ಈ ನಡುವೆ ಒಂದು ಹೊಸ ಕಾಯ್ದೆ ಬಂತು. 1923ರ ಕಾರ್ಮಿಕ ಪರಿಹಾರ ಕಾಯ್ದೆ 1924ರ ಜುಲೈ 1ರಿಂದ ಜಾರಿಯಾಯಿತು. ಜರ್ಮನಿ 1884ರಲ್ಲಿ, ಬ್ರಿಟನ್ 1897ರಲ್ಲಿ ಒಪ್ಪಿಕೊಂಡಿದ್ದ ತತ್ವ ಭಾರತಕ್ಕೆ ತಲುಪಿದ್ದು ಆಗ. ಕೆಲಸದಿಂದ, ಕೆಲಸದ ಹೊತ್ತಿನಲ್ಲಿ ಪೆಟ್ಟಾದರೆ ತಪ್ಪು ಯಾರದೆಂದು ಕೇಳದೆ ಮಾಲೀಕ ಪರಿಹಾರ ಕೊಡಬೇಕು ಎಂಬುದು ಅದರ ತಿರುಳು. ವಯಸ್ಕ ಕಾರ್ಮಿಕ ಸತ್ತರೆ 30 ತಿಂಗಳ ಕೂಲಿ ಅಥವಾ 2,500 ರೂಪಾಯಿ, ಇವೆರಡರಲ್ಲಿ ಕಡಿಮೆ ಯಾವುದೋ ಅದು. ತಿಂಗಳಿಗೆ 20 ರೂಪಾಯಿ ಪಡೆಯುತ್ತಿದ್ದವನ ಜೀವದ ಬೆಲೆ ಹೀಗೆ 600 ರೂಪಾಯಿ. ಕೇಳಲು ಚೆನ್ನಾಗಿದ್ದ ಈ ಕಾಯ್ದೆಗೆ ತೂತುಗಳೂ ಇದ್ದವು. ಆರು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು. ಸತ್ತವನು ಕುಡಿದಿದ್ದ, ಸುರಕ್ಷತಾ ನಿಯಮವನ್ನು ಬೇಕೆಂದೇ ಮೀರಿದ್ದ, ಯಂತ್ರದ ಬೇಲಿಯನ್ನು ತಾನೇ ಕಿತ್ತಿದ್ದ ಎಂದು ಮಾಲೀಕ ತೋರಿಸಿಕೊಟ್ಟರೆ ಪರಿಹಾರ ತಪ್ಪುತ್ತಿತ್ತು. ಸತ್ತವನು ಎದ್ದು ಬಂದು ಇಲ್ಲವೆನ್ನುವಂತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯೇ ಇತ್ತು. ದೂರದ ಹಳ್ಳಿಯಿಂದ ಬಂದು ಗಿರಣಿ ಸೇರಿದವನು ಸತ್ತರೆ ಸುದ್ದಿ ಮನೆಗೆ ತಲುಪುವಷ್ಟರಲ್ಲಿ ಅಂತ್ಯಕ್ರಿಯೆ ಮುಗಿದಿರುತ್ತಿತ್ತು. ಪರಿಹಾರವೆಂಬುದೊಂದು ಇದೆಯೆಂದು ಮನೆಯವರಿಗೆ ಹೇಳುವವರು ಯಾರು? ಅರ್ಜಿ ಬರೆಯುವವರು ಯಾರು? ಯಾರೂ ಕೇಳದಿದ್ದರೆ ಆ ಸಾವಿನ ಕಾರಣವನ್ನು ಯಾರೂ ಹುಡುಕುತ್ತಿರಲಿಲ್ಲ. ಮರುದಿನ ಅದೇ ಬೆಲ್ಟಿನ ಬುಡದಲ್ಲಿ ಇನ್ನೊಬ್ಬ ನಿಲ್ಲುತ್ತಿದ್ದ. ಅಮೆರಿಕದಲ್ಲಿ ಕ್ರಿಸ್ಟಲ್ ಈಸ್ಟ್‌ಮನ್ ಎಂಬ ವಕೀಲೆ ಪಿಟ್ಸ್‌ಬರ್ಗ್ ಸುತ್ತಲಿನ ಒಂದೇ ಜಿಲ್ಲೆಯಲ್ಲಿ, 1906ರ ಜುಲೈಯಿಂದ ಒಂದು ವರ್ಷ ಕೆಲಸದಲ್ಲಿ ಸತ್ತ 526 ಮಂದಿಯ ಲೆಕ್ಕ ಹಿಡಿದು 1910ರಲ್ಲಿ ಪುಸ್ತಕ ಪ್ರಕಟಿಸಿದ್ದರು. ಪ್ರತಿ ಸಾವಿನ ಹಿಂದಿನ ಕಾರಣ, ಆ ಮನೆಯ ಮುಂದಿನ ಗತಿ ಎರಡನ್ನೂ ಅದರಲ್ಲಿ ವಿಚಾರಿಸಲಾಗಿತ್ತು. ಭಾರತದಲ್ಲಿ ಅಂಥ ಎಣಿಕೆ ಆಗಿನ್ನೂ ಕನಸು.

ನಾಗ್ಪುರದ ಒಡಕು

1929ರಲ್ಲಿ ಬ್ರಿಟಿಷ್ ಸರಕಾರ ಜೆ.ಎಚ್. ವಿಟ್ಲಿ ಅಧ್ಯಕ್ಷತೆಯಲ್ಲಿ ಭಾರತದ ಕಾರ್ಮಿಕರ ಕುರಿತು ರಾಯಲ್ ಆಯೋಗ ನೇಮಿಸಿತು. ಸೈಮನ್ ಆಯೋಗಕ್ಕೆ ಕಪ್ಪು ಬಾವುಟ ತೋರಿಸಿದ ಕಾಲವದು. ಮತ್ತೊಂದು ಬಿಳಿಯರ ಆಯೋಗದ ಮುಂದೆ ಹೋಗಿ ಸಾಕ್ಷಿ ಹೇಳುವುದೆಂದರೆ ಹಲವರಿಗೆ ಅವಮಾನವೆನಿಸಿತು. ಆ ವರ್ಷದ ಕೊನೆಯಲ್ಲಿ ನಾಗ್ಪುರದಲ್ಲಿ ಜವಾಹರಲಾಲ್ ನೆಹರೂ ಅಧ್ಯಕ್ಷತೆಯಲ್ಲಿ ಸೇರಿದ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ ಬಹಿಷ್ಕಾರದ ನಿರ್ಣಯ ಕೈಗೊಂಡಿತು. ಎನ್.ಎಂ. ಜೋಶಿ, ವಿ.ವಿ. ಗಿರಿ, ಶಿವರಾವ್ ಮೊದಲಾದವರು ಹೊರನಡೆದು ಬೇರೆ ಒಕ್ಕೂಟ ಕಟ್ಟಿದರು. ಜೋಶಿ ಆಯೋಗದ ಸದಸ್ಯರೇ ಆಗಿದ್ದರು.

ಹೊರನಡೆದವರಿಗೆ ಅಂಜುಬುರುಕರು, ಸರಕಾರದ ಹಿತೈಷಿಗಳು ಎಂಬ ಹೆಸರು ಅಂಟಿಕೊಂಡಿತು. ಬಹಿಷ್ಕರಿಸಿದವರ ವಾದದಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. ಸ್ವಾತಂತ್ರ್ಯವಿಲ್ಲದ ದೇಶದಲ್ಲಿ ಕಾರ್ಮಿಕನಿಗೆ ನ್ಯಾಯ ಸಿಗುವುದೆಂತು ಎಂಬುದು ಅವರ ಪ್ರಶ್ನೆ. ಆದರೆ ಯಂತ್ರಕ್ಕೆ ಸಿಕ್ಕವನ ಮನೆ ಸ್ವರಾಜ್ಯ ಬರುವವರೆಗೆ ಕಾಯುವಂತಿರಲಿಲ್ಲ ಎಂಬುದೂ ಅಷ್ಟೇ ನಿಜ. ಆಯೋಗ ದೇಶ ಸುತ್ತಿ 1931ರಲ್ಲಿ ವರದಿ ಕೊಟ್ಟಿತು. ಅದರ ಫಲವನ್ನು ನೋಡಿದರೆ ಈ ವಾದದ ತೂಕ ತಿಳಿಯುತ್ತದೆ.

1933ರಲ್ಲಿ ಪರಿಹಾರ ಕಾಯ್ದೆಗೆ ತಿದ್ದುಪಡಿಯಾಯಿತು. ಅದರಲ್ಲಿ 10ಎ ಎಂಬ ಹೊಸ ವಿಧಿ ಸೇರಿತು. ಕೆಲಸದಲ್ಲಿ ಒಬ್ಬ ಸತ್ತಿದ್ದಾನೆಂದು ಯಾವ ಮೂಲದಿಂದ ತಿಳಿದುಬಂದರೂ ಪರಿಹಾರ ಆಯುಕ್ತರು ಮಾಲೀಕನಿಗೆ ನೋಟಿಸು ಕಳಿಸಬಹುದು. ಸಾವು ಯಾವ ಸಂದರ್ಭದಲ್ಲಿ ಆಯಿತು, ಪರಿಹಾರದ ಹೊಣೆ ತನ್ನದೆಂದು ಒಪ್ಪುವನೋ ಇಲ್ಲವೋ ಎಂದು ಆತ 30 ದಿನಗಳಲ್ಲಿ ಬರೆದು ಕೊಡಬೇಕು. ವಿಧವೆ ಬಾಗಿಲು ತಟ್ಟುವವರೆಗೆ ಕಾಯಬೇಕಾಗಿಲ್ಲ. ಪತ್ರಿಕೆಯಲ್ಲಿ ಬಂದ ಎರಡು ಸಾಲಿನ ಸುದ್ದಿಯೂ ಮೂಲವಾಗಬಹುದು, ಯೂನಿಯನ್ನಿನ ಒಂದು ಕಾಗದವೂ ಆಗಬಹುದು. ಕುಡಿದಿದ್ದ, ನಿಯಮ ಮೀರಿದ್ದ ಎಂಬ ನೆಪಗಳು ಸಾವಿನ ಪ್ರಕರಣಗಳಲ್ಲಿ ನಡೆಯದಂತೆಯೂ ಆಯಿತು. ಮರುವರ್ಷದ ಹೊಸ ಕಾರ್ಖಾನೆ ಕಾಯ್ದೆ ವಾರದ ದುಡಿಮೆಯನ್ನು ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ 54 ತಾಸಿಗೆ ಇಳಿಸಿತು. ಇವೆಲ್ಲ ಶಿವರಾವ್ ಒಬ್ಬರ ಸಾಧನೆಯಲ್ಲ. ಹೊರನಡೆದ ಆ ಗುಂಪು ಹಿಡಿದ ದಾರಿ ಎಲ್ಲಿಗೆ ತಲುಪಿತೆಂಬುದಕ್ಕೆ ಇವು ಗುರುತು.

ಬಂದರಿನ ಕೂಲಿಗಳ ಪಾಡು ಮಾತ್ರ ಬೇರೆಯಾಯಿತು. ಹಡಗಿಗೆ ಸರಕು ಏರಿಸಿ ಇಳಿಸುವಾಗಿನ ಅಪಘಾತಗಳನ್ನು ತಡೆಯಲು 1929ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಒಪ್ಪಂದವೊಂದನ್ನು ಅಂಗೀಕರಿಸಿ, 1932ರಲ್ಲಿ ಪರಿಷ್ಕರಿಸಿತು. ಕೈಗಾರಿಕಾ ಅಪಘಾತಗಳ ಕಾರಣಗಳನ್ನು ಶೋಧಿಸಿ ಅಂಕಿಅಂಶ ಇಡಬೇಕೆಂಬ ಶಿಫಾರಸೂ 1929ರದೇ. ಬಂದರಿನ ಒಪ್ಪಂದಕ್ಕೆ ಅನುಗುಣವಾಗಿ ಭಾರತದಲ್ಲಿ 1934ರಲ್ಲಿ ಕಾಯ್ದೆ ಮಾಡಲಾಯಿತು. ಅದು ಜಾರಿಗೆ ಬಂದದ್ದು 1948ರಲ್ಲಿ! ನಡುವಿನ 14 ವರ್ಷ ಕಾಯ್ದೆ ಕಪಾಟಿನಲ್ಲಿತ್ತು, ಹಗ್ಗ ಹರಿದು ಬೀಳುವ ಸರಕಿನ ಕೆಳಗೆ ಕೂಲಿಗಳಿದ್ದರು.

1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಭಾರತದ ಕಾರ್ಮಿಕರ ಪ್ರತಿನಿಧಿಗಳಾಗಿ ಹೋದವರು ಇಬ್ಬರೇ. ಒಬ್ಬರು ಜೋಶಿ, ಇನ್ನೊಬ್ಬರು ಶಿವರಾವ್. ರಾಜರು, ಜಮೀನ್ದಾರರು, ವಕೀಲರು ತುಂಬಿದ್ದ ಆ ಸಭೆಯ ಮತದಾನದ ಉಪಸಮಿತಿಯಲ್ಲಿ ವಯಸ್ಕರೆಲ್ಲರಿಗೂ ಕೂಡಲೇ ಮತ ಕೊಡಬೇಕು, ಅದು ಸಾಧ್ಯ ಎಂದು ಪಟ್ಟು ಹಿಡಿದ ಅಲ್ಪಸಂಖ್ಯಾತರಲ್ಲಿ ಅಂಬೇಡ್ಕರ್ ಜೊತೆ ಇವರಿಬ್ಬರೂ ಇದ್ದರು. ಆಸ್ತಿಯಿದ್ದವನಿಗಷ್ಟೇ ಮತವಿದ್ದ ಕಾಲದಲ್ಲಿ ಗಿರಣಿಯ ಕೂಲಿಯ ಪ್ರಾಣ ಶಾಸನಸಭೆಯಲ್ಲಿ ಚರ್ಚೆಯ ವಿಷಯವಾಗುವುದು ಅಪರೂಪವೆಂಬುದನ್ನು ನೆನೆದರೆ, ಮತದ ಬೇಡಿಕೆಗೂ ಯಂತ್ರದ ಬೇಲಿಗೂ ಇರುವ ನಂಟು ಕಾಣುತ್ತದೆ.

ಈ ಇಪ್ಪತ್ತು ವರ್ಷಗಳ ಅನುಭವ 1939ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ದಿ ಇಂಡಸ್ಟ್ರಿಯಲ್ ವರ್ಕರ್ ಇನ್ ಇಂಡಿಯಾ’ ಪುಸ್ತಕಕ್ಕೆ ಬುನಾದಿಯಾಯಿತು. ಭಾರತೀಯನೊಬ್ಬ, ಅದೂ ಸಂಘದ ಕೆಲಸದಲ್ಲಿ ಪಳಗಿದವನು, ದೇಶದ ದುಡಿಯುವ ಜನರ ಕೂಲಿ, ವಸತಿ, ಆರೋಗ್ಯ, ಅವರಿಗಾಗಿ ಬಂದ ಕಾನೂನುಗಳನ್ನು ಒಟ್ಟಾಗಿ ನೋಡಿದ ಮೊದಲ ಕೃತಿಗಳಲ್ಲಿ ಅದೊಂದು. ಯುದ್ಧ ಆರಂಭವಾದ ವರ್ಷವೇ ಹೊರಬಂದದ್ದು ಪುಸ್ತಕದ ದುರದೃಷ್ಟವೆನ್ನಬೇಕು.

ಅಷ್ಟರಲ್ಲಿ ಶಿವರಾವ್ ದೆಹಲಿಯ ಪತ್ರಕರ್ತರಾಗಿ ಹೆಸರಾಗಿದ್ದರು. ‘ದಿ ಹಿಂದೂ’ ಮತ್ತು ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಗಳಿಗೆ ವರದಿ ಮಾಡುತ್ತ, ವೈಸ್‌ರಾಯ್ ಭವನಕ್ಕೂ ಕಾಂಗ್ರೆಸ್ ನಾಯಕರಿಗೂ ನಡುವೆ ಓಡಾಡುತ್ತ ಇದ್ದ ಆ ವರ್ಷಗಳ ಕಥೆ ಬೇರೆಯೇ ಒಂದು ಲೇಖನ ಬೇಡುತ್ತದೆ. ಪತ್ನಿ ಕಿಟ್ಟಿ ಆಸ್ಟ್ರಿಯಾದವರು, ಮಾಂಟೆಸ್ಸರಿ ಶಿಕ್ಷಣದಲ್ಲಿ ಪಳಗಿದವರು.

ಮದ್ರಾಸಿನಿಂದ ಸಂವಿಧಾನ ಸಭೆಗೆ ಆಯ್ಕೆಯಾದ ಶಿವರಾವ್, ಅದೇ ಸಭೆ ಶಾಸನಸಭೆಯಾಗಿ ಕುಳಿತು 1948ರ ಕಾರ್ಖಾನೆ ಕಾಯ್ದೆಯನ್ನು ಅಂಗೀಕರಿಸಿದಾಗ ಸದಸ್ಯರಾಗಿದ್ದರು. 1949ರ ಏಪ್ರಿಲ್ 1ರಿಂದ ಜಾರಿಯಾದ ಆ ಕಾಯ್ದೆಯಲ್ಲಿ ಯಂತ್ರಗಳ ಬೇಲಿಗೆ ಒಂದು ವಿಧಿ, ಓಡುತ್ತಿರುವ ಯಂತ್ರದ ಬಳಿ ಕೆಲಸಕ್ಕೆ ಒಂದು, ವಿಷಾನಿಲ ತುಂಬಿರಬಹುದಾದ ತೊಟ್ಟಿ-ಗುಂಡಿಗಳಿಗೆ ಇಳಿಯುವುದಕ್ಕೆ ಒಂದು, ಅಪಘಾತದ ಸೂಚನೆಗೆ ಮತ್ತು ವಿಚಾರಣೆಗೆ ಒಂದೊಂದು ವಿಧಿ ಇದ್ದವು. ನ್ಯಾಯಯುತವಾದ, ಮಾನವೀಯವಾದ ಕೆಲಸದ ಪರಿಸ್ಥಿತಿಯನ್ನು ಒದಗಿಸಬೇಕೆಂದು ಸಂವಿಧಾನದ 42ನೇ ವಿಧಿ ಸರಕಾರಕ್ಕೆ ನಿರ್ದೇಶಿಸಿತು. 1952ರ ಮೊದಲ ಮಹಾಚುನಾವಣೆಯಲ್ಲಿ ಅವರು ದಕ್ಷಿಣ ಕನ್ನಡದ ದಕ್ಷಿಣ ಭಾಗದ ಕ್ಷೇತ್ರದಿಂದ ಲೋಕಸಭೆಗೆ ಗೆದ್ದರು. ಉತ್ತರ ಭಾಗದಲ್ಲಿ ಗೆದ್ದವರು ಯು. ಶ್ರೀನಿವಾಸ ಮಲ್ಯ. ಮುಂದೆ ಶಿವರಾವ್ ರಾಜ್ಯಸಭೆಯಲ್ಲೂ ಇದ್ದರು.

ಕಾಯ್ದೆ ಮುಟ್ಟದ ಜಾಗಗಳು

ಬೆನೆಗಲ್ ಮನೆತನದ ಈ ಜಿಲ್ಲೆಯ ದುಡಿಮೆ ಬಹುಪಾಲು ಗಿರಣಿಯ ಗೋಡೆಯೊಳಗೆ ನಡೆಯುವಂಥದಲ್ಲ. ಕಾರ್ಕಳ, ಕಾಪು ಸುತ್ತಲಿನ ಕೆಂಪುಕಲ್ಲಿನ ಕೋರೆಗಳನ್ನೇ ನೋಡಬಹುದು. 1952ರ ಗಣಿ ಕಾಯ್ದೆ ಕೆಂಪುಕಲ್ಲು, ಮರಳು, ಜಲ್ಲಿ ತೆಗೆಯುವ ತೆರೆದ ಗಣಿಗಳನ್ನು ತನ್ನ ಬಹುಪಾಲು ವಿಧಿಗಳಿಂದ ಹೊರಗಿಟ್ಟಿತ್ತು. ಆಳ 6 ಮೀಟರ್ ಮೀರಬಾರದು, ದಿನಕ್ಕೆ 50ಕ್ಕಿಂತ ಹೆಚ್ಚು ಜನ ದುಡಿಯಬಾರದು, ಸ್ಫೋಟಕ ಬಳಸಬಾರದು ಎಂಬ ಷರತ್ತು ಇತ್ತು. ಮಳೆಗಾಲದಲ್ಲಿ ಕುಸಿಯುವ ಕೋರೆಯ ಗೋಡೆಗೆ ಈ ಅಳತೆ ತಿಳಿಯದು. ಕಡಲಿನ ಕೆಲಸಕ್ಕಂತೂ ಕಾರ್ಖಾನೆ ಕಾಯ್ದೆಯ ನೆರಳೂ ಬೀಳಲಿಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ 7 ಮೀನುಗಾರರೊಂದಿಗೆ ಕಾಣೆಯಾಯಿತು. ಮಹಾರಾಷ್ಟ್ರದ ಮಾಲ್ವಣ ಕಡಲಿನ ಆಳದಲ್ಲಿ ನೌಕಾಪಡೆ ಅದರ ಅವಶೇಷ ಪತ್ತೆ ಮಾಡಿದ್ದು 2019ರ ಮೇ ತಿಂಗಳಲ್ಲಿ. ಅಷ್ಟೂ ತಿಂಗಳು ಮನೆಗಳಲ್ಲಿ ದೀಪ ಹಚ್ಚಿಟ್ಟು ಕಾದವರಿಗೆ ಬೇಕಾಗಿದ್ದದ್ದು ಮೊದಲು ಉತ್ತರ, ಆಮೇಲೆ ಪರಿಹಾರ.

ಕಾಯ್ದೆ ಇದ್ದ ಕಡೆಯೂ ಅದು ಸಾಲಲಿಲ್ಲ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜಪೆ ಬಳಿಯ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಗೆ ಬಿದ್ದವನನ್ನು ಎತ್ತಲು ಒಬ್ಬರ ಹಿಂದೊಬ್ಬರು ಇಳಿದರು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ 5 ಮಂದಿ ಸತ್ತರು. ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 1982ರಿಂದ ಇಂಥ ಸಾವುಗಳನ್ನು ಒಂದೊಂದಾಗಿ ತನಿಖೆ ಮಾಡುತ್ತ ಬಂತು. ತಪ್ಪಿತಸ್ಥರನ್ನು ಹಿಡಿಯುವುದಲ್ಲ, ಸರಣಿಯ ಯಾವ ಕೊಂಡಿ ಕಳಚಿದ್ದರೆ ಸಾವು ತಪ್ಪುತ್ತಿತ್ತೆಂದು ಗುರುತಿಸುವುದು ಅದರ ಕ್ರಮ. ಗಾಳಿಯಾಡದ ತೊಟ್ಟಿಗಳ ಸಾವುಗಳಲ್ಲಿ ಕಾಪಾಡಲು ಇಳಿದವರೇ ಬಲಿಯಾಗುವುದು ಅಂಥ ತನಿಖೆಗಳಿಂದ ದಶಕಗಳ ಹಿಂದೆಯೇ ಸ್ಪಷ್ಟವಾಗಿತ್ತು. ಇಳಿಯುವ ಮೊದಲು ಗಾಳಿ ಪರೀಕ್ಷೆ, ಸೊಂಟಕ್ಕೆ ಹಗ್ಗ, ಮೇಲೆ ನಿಂತ ಒಬ್ಬ ಕಾವಲುಗಾರ. ನಮ್ಮ 1948ರ ಕಾಯ್ದೆಯ 36ನೇ ವಿಧಿಯೂ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು. ಆ ಕಾಯ್ದೆ, ಗಣಿ ಕಾಯ್ದೆ, 1923ರ ಪರಿಹಾರ ಕಾಯ್ದೆ ಮೂರೂ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ವಿಲೀನವಾದವು.

ಶಿವರಾವ್ ಅವರ ಕೊನೆಯ ದಶಕ ಸಂವಿಧಾನದ ಸಂಪುಟಗಳಿಗೆ ಮೀಸಲಾಯಿತು. 1966ರಿಂದ 1968ರ ಅವಧಿಯಲ್ಲಿ ಹೊರಬಂದ ಆ ಸಂಪುಟಗಳು ಇಂದಿಗೂ ನ್ಯಾಯಾಧೀಶರ, ಸಂಶೋಧಕರ ಮೇಜಿನ ಮೇಲಿವೆ. ಅಣ್ಣ ನರಸಿಂಗ ರಾವ್ 1953ರಲ್ಲೇ ತೀರಿಕೊಂಡಿದ್ದರು. ಅಣ್ಣ ಸಿದ್ಧಪಡಿಸಿದ್ದ ಟಿಪ್ಪಣಿಗಳನ್ನೂ ಕರಡುಗಳನ್ನೂ ತಮ್ಮನೇ ಅವುಗಳಲ್ಲಿ ಸೇರಿಸಿದರು. ಕಾರ್ಮಿಕರ ಕುರಿತ ಪುಸ್ತಕ ಹಳೆಯ ಗ್ರಂಥಾಲಯಗಳಿಗೆ ಸೇರಿಹೋಯಿತು.

ಅವರು ನಿಧನರಾದದ್ದು 1975ರಲ್ಲಿ. ಅದೇ ವರ್ಷದ ಡಿಸೆಂಬರ್ 27ರಂದು ಧನಬಾದ್ ಸಮೀಪದ ಚಸ್ನಾಲಾ ಕಲ್ಲಿದ್ದಲು ಗಣಿಯೊಳಕ್ಕೆ ಪಕ್ಕದ ಹಳೆಯ, ಕೈಬಿಟ್ಟ ಗಣಿಯಲ್ಲಿ ತುಂಬಿದ್ದ ನೀರು ನುಗ್ಗಿ 370ಕ್ಕೂ ಹೆಚ್ಚು ಮಂದಿ ಮುಳುಗಿ ಸತ್ತರು. ನೀರನ್ನು ಹೊರಹಾಕಿ ಶವಗಳನ್ನು ತಲುಪಲು ವಾರಗಳೇ ಹಿಡಿದವು. ಸಾವಿಗೆ ಕಾರಣವೇನೆಂದು ತಿಳಿಯಲು ಸರಕಾರ ವಿಚಾರಣಾ ನ್ಯಾಯಾಲಯ ನೇಮಿಸಿತು.